ಟೀವಿ ಬಾಡಿಗೆ, ಮೂಗು ಸ್ವಂತ!

ಗಾಂಧಿ ಕ್ಲಾಸಿನಿಂದ… ಈ ವಾರದ ಮಾತು

ಹೋದ ಭಾನುವಾರ ಬೆಳಗ್ಗೆ ಚಾಮರಾಜಪೇಟೆಯ ಮಕ್ಕಳ ಕೂಟದ ಹತ್ತಿರ ಬೈ-ಟೂ ಕಾಫಿ ಹಿಡಿದು ನಿಂತಿದ್ದೆ. ಬೆನ್ನ ಮೇಲೆ ಧಪ್ಪಂತ ಒಂದು ಏಟು ಬಿತ್ತು. ಅರ್ಧ ಕಾಫಿ ಷರಟಿನ ಪಾಲಾಯಿತು. ತಿರುಗಿ ನೋಡಿದರೆ ನಮ್ಮ ಬೀದಿಯ ಹುಡುಗ. ಹಗಲೆಲ್ಲ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕ ಹೊಲಿಯುತ್ತಾನೆ, ಸಂಜೆ ಕೈಗೆ ಗ್ಲೌಸು ಕಟ್ಟಿಕೊಂಡು ಮರಳಿನ ಚೀಲಕ್ಕೆ ಗುದ್ದುತ್ತಾನೆ. ವಯಸ್ಸು 22. ಮುಖದ ತುಂಬ ಹಲ್ಲು.

“ಅಣ್ಣಾ, ನಾನು ಟೀವೀಲಿ ಬರ್ತೀನಿ!”

“ಏನೋ ಅದು? ಧಾರಾವಾಹಿನಾ, ಕಳ್ಳತನದ ಕೇಸಾ?”

“ತಮಾಷೆ ಬಿಡಣ್ಣಾ. ಬಾಕ್ಸಿಂಗು! ಪ್ರೊಫೆಷನಲ್ಲು! ನೋಡಿಲ್ಲಿ, ಕಾಗದ ಕೊಟ್ಟವ್ರೆ. ನೀನು ಪೇಪರ್‌ನೋನು, ಓದಿ ಹೇಳು. ನಾಳೆ ಸೈನ್ ಹಾಕ್ಬೇಕು.”

ಎರಡು ಪುಟದ ಇಂಗ್ಲಿಷ್ ಕಾಗದ. ನಾನು ಪಿಯುಸಿ ಬಿಟ್ಟವನು. ಅಕ್ಷರ ಅಕ್ಷರ ಕೂಡಿಸಿ ಓದಿದೆ. ಓದುತ್ತಾ ಹೋದ ಹಾಗೆ ಉಳಿದರ್ಧ ಕಾಫಿ ತಣ್ಣಗಾಯಿತು. ಹುಡುಗನೇ 15 ಸಾವಿರ ರೂಪಾಯಿ ‘ರಿಜಿಸ್ಟ್ರೇಷನ್’ ಕಟ್ಟಬೇಕು. ಹುಡುಗನೇ 50 ಟಿಕೆಟ್ ಮಾರಿಸಿಕೊಡಬೇಕು. ಸಂಭಾವನೆ ‘ಕಾರ್ಯಕ್ರಮದ ನಂತರ ತಿಳಿಸಲಾಗುವುದು’. ಪೆಟ್ಟಾದರೆ ಹುಡುಗನೇ ಹೊಣೆ. ಇಷ್ಟೆಲ್ಲ ‘ಹುಡುಗನೇ’ಗಳ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ಪ್ರಮುಖ ಟೀವಿ ವಾಹಿನಿಯಲ್ಲಿ ಪ್ರಸಾರ!

ಯಾವ ವಾಹಿನಿ? ಹೆಸರಿಲ್ಲ. ಯಾವತ್ತು? ತಾರೀಖಿಲ್ಲ. ಆದರೂ ಆ ಒಂದು ಸಾಲಿಗೆ ನಮ್ಮ ಹುಡುಗ ಕ್ಲೀನ್ ಬೋಲ್ಡು!

ಹೀಗಾಗಿ ಮಿತ್ರರೇ, ಈ ವಾರ ಯಾವ ನಟಿಯ ಮದುವೆ ಸುದ್ದಿಯೂ ಇಲ್ಲ, ಯಾವ ಹೀರೋ ಯಾವ ಡೈರೆಕ್ಟರ ಮೇಲೆ ಮುನಿಸಿಕೊಂಡ ಅನ್ನೋ ಗುಸುಗುಸೂ ಇಲ್ಲ. ಈ ವಾರ ಫೈಟಿಂಗು. ಅದೂ ಡೂಪ್ ಇಲ್ಲದ ಫೈಟಿಂಗು. ಅದು ಟೀವಿಗೆ ಬರುವುದು ಹೇಗೆ, ಅದರ ದುಡ್ಡು ಯಾರ ಜೇಬಿಂದ ಯಾರ ಜೇಬಿಗೆ ಹೋಗುತ್ತೆ ಅನ್ನೋದು. ಗಾಂಧಿನಗರದ ಲೆಕ್ಕ ಗೊತ್ತಿರುವ ನಿಮಗೆ ಇದು ಸಲೀಸು. ಯಾಕೆಂದರೆ ಎರಡೂ ಒಂದೇ ದಂಧೆ!

ಬ್ಲೇಡ್ ಕಂಪನಿ ಹಾಕಿದ ಬಂಡವಾಳ

ಅಮೆರಿಕದಲ್ಲಿ ಟೀವಿ ಹುಟ್ಟಿದ ಕಾಲಕ್ಕೆ ಅದರ ಮೊದಲ ಹೀರೋಗಳಲ್ಲಿ ಒಬ್ಬ ಬಾಕ್ಸರ್. ಕಾರಣ ಸರಳ. ಪುಟ್ಟ ರಿಂಗು, ಇಬ್ಬರೇ ಮನುಷ್ಯರು, ಒಂದೆರಡು ಕ್ಯಾಮೆರಾ ಸಾಕು. ಮೂರು ನಿಮಿಷದ ರೌಂಡು, ನಡುವೆ ಒಂದು ನಿಮಿಷ ಬಿಡುವು. ಆ ಒಂದು ನಿಮಿಷ ಇದೆಯಲ್ಲ, ಅದು ದೇವರೇ ಜಾಹೀರಾತಿಗೆಂದು ಕೊಟ್ಟ ವರ! ಜಿಲೆಟ್ ಎಂಬ ಬ್ಲೇಡ್ ಕಂಪನಿ ಆ ನಿಮಿಷವನ್ನು ಹಿಡಿದುಕೊಂಡಿತು. 1940ರ ದಶಕದಿಂದ 1960ರವರೆಗೆ ಎನ್‌ಬಿಸಿ ಚಾನೆಲ್‌ನಲ್ಲಿ ಶುಕ್ರವಾರ ರಾತ್ರಿ ಅಂದರೆ ಬಾಕ್ಸಿಂಗು. ನಮ್ಮಲ್ಲಿ ಶುಕ್ರವಾರ ಹೊಸ ಪಿಕ್ಚರ್ ಬಿಡುಗಡೆ ಆದ ಹಾಗೆ. ನಮ್ಮ ಕಡೆ ‘ಬ್ಲೇಡ್ ಹಾಕೋದು’ ಅಂದರೆ ಬೇಜಾರು ಹುಟ್ಟಿಸೋದು. ಅಲ್ಲಿ ಬ್ಲೇಡಿನವರೇ ಮಜಾ ಹಂಚಿದರು!

ಆದರೆ ಒಂದು ಎಡವಟ್ಟಾಯಿತು. ಮನೆಯಲ್ಲಿ ಪುಕ್ಕಟೆ ಸಿಕ್ಕಾಗ ಬೀದಿಗೆ ಹೋಗಿ ಟಿಕೆಟ್ ಕೊಳ್ಳುವವನು ಯಾರು? ಊರೂರಿನ ಸಣ್ಣ ಬಾಕ್ಸಿಂಗ್ ಕ್ಲಬ್ಬುಗಳು ಒಂದೊಂದಾಗಿ ಬಾಗಿಲು ಹಾಕಿದವು. ಟೀವಿ ಬಂದ ಮೇಲೆ ನಮ್ಮ ಟೆಂಟ್ ಸಿನಿಮಾಗಳು ಎತ್ತಂಗಡಿ ಆದವಲ್ಲ, ಹಾಗೆಯೇ. ಹೊಸ ಹುಡುಗರು ಕಲಿಯುತ್ತಿದ್ದುದು ಆ ಸಣ್ಣ ಕ್ಲಬ್ಬುಗಳಲ್ಲಿ. ಬೇರೇ ಒಣಗಿದರೆ ಮರ ಎಷ್ಟು ದಿನ?

ಇನ್ನೊಂದು ಕಾರಣ ಇನ್ನೂ ಕಹಿ. 1962ರ ಮಾರ್ಚ್ 24ರಂದು ನ್ಯೂಯಾರ್ಕಿನಲ್ಲಿ ಎಮಿಲ್ ಗ್ರಿಫಿತ್ ಹೊಡೆದ ಏಟುಗಳಿಗೆ ಬೆನ್ನಿ ಪ್ಯಾರೆಟ್ ಎಂಬ ಚಾಂಪಿಯನ್ ಹಗ್ಗಕ್ಕೆ ಒರಗಿ ಕುಸಿದ. ಹತ್ತು ದಿನದ ಮೇಲೆ ಸತ್ತ. ಆ ಪಂದ್ಯ ಟೀವಿಯಲ್ಲಿ ನೇರ ಪ್ರಸಾರ. ಲಕ್ಷಾಂತರ ಜನ ಮನೆಯ ಸೋಫಾದಲ್ಲಿ ಕೂತು ಒಬ್ಬ ಮನುಷ್ಯ ಸಾವಿನ ಕಡೆ ಜಾರುವುದನ್ನು ನೋಡಿದರು.

ಹದಿನಾಲ್ಕನೇ ರೌಂಡು

ಅಷ್ಟಾದರೂ ಅಲಿ ಎಂಬ ಮಾಯಾವಿ ಬಂದು ಬಾಕ್ಸಿಂಗನ್ನು ಮತ್ತೆ ಮೇಲೆತ್ತಿದ. 1976ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಶುಗರ್ ರೇ ಲೆನಾರ್ಡ್ ಥರದ ಹುಡುಗರನ್ನು ದೊಡ್ಡ ಚಾನೆಲ್‌ಗಳು ತಲೆ ಮೇಲೆ ಹೊತ್ತು ಮೆರೆಸಿದವು. ವಾರದ ಕೊನೆಯ ಮಧ್ಯಾಹ್ನ ಮತ್ತೆ ಬಾಕ್ಸಿಂಗು ಹೌಸ್ ಫುಲ್!

ಆಮೇಲೆ ಬಂತು 1982ರ ನವೆಂಬರ್ 13. ಲಾಸ್ ವೇಗಾಸ್. ಸಿಬಿಎಸ್ ಚಾನೆಲ್‌ನಲ್ಲಿ ನೇರ ಪ್ರಸಾರ. ಅಮೆರಿಕದ ರೇ ಮ್ಯಾನ್ಸಿನಿ ಮತ್ತು ದಕ್ಷಿಣ ಕೊರಿಯಾದ ಡಕ್ ಕೂ ಕಿಮ್. ಬಡವರ ಮನೆ ಹುಡುಗ ಕಿಮ್. ಹದಿಮೂರು ರೌಂಡು ಜಗ್ಗದೆ ನಿಂತ. ಹದಿನಾಲ್ಕನೆಯದರಲ್ಲಿ ಬಿದ್ದ. ಎದ್ದು ನಿಂತ. ಪಂದ್ಯ ನಿಲ್ಲಿಸಿದರು. ಅಲ್ಲಿಂದ ಆಸ್ಪತ್ರೆಗೆ, ಅಲ್ಲಿಂದ ಮತ್ತೆ ಏಳಲಿಲ್ಲ. ಕೆಲವೇ ದಿನದಲ್ಲಿ ಹೋಗಿಬಿಟ್ಟ. ಮುಂದೆ ಅವನ ತಾಯಿ ಪ್ರಾಣ ಕಳೆದುಕೊಂಡಳು. ಪಂದ್ಯದ ರೆಫರಿಯೂ ಪ್ರಾಣ ಕಳೆದುಕೊಂಡ. ಒಂದು ಪಂದ್ಯ, ಮೂರು ಹೆಣ. ಅದಾದ ಮೇಲೆ 15 ರೌಂಡಿನ ಚಾಂಪಿಯನ್ ಪಂದ್ಯಗಳು 12 ರೌಂಡಿಗೆ ಇಳಿದವು.

ದೊಡ್ಡ ಚಾನೆಲ್‌ಗಳು ಮೆಲ್ಲಗೆ ಹಿಂದೆ ಸರಿದವು. ಬಾಕ್ಸಿಂಗು ಕೇಬಲ್ಲಿಗೆ ಹೋಯಿತು. ಅಲ್ಲಿಂದ ‘ಒಂದು ಫೈಟಿಗೆ ಇಷ್ಟು ದುಡ್ಡು’ ಎಂಬ ಅಂಗಡಿಗೆ ಹೋಯಿತು. 2015ರ ಮೇ 2ರಂದು ಮೇವೆದರ್ ಮತ್ತು ಪಾಕಿಯಾವ್ ಗುದ್ದಾಡಿದ್ದನ್ನು ಮನೆಯಲ್ಲಿ ನೋಡಲು ಒಬ್ಬೊಬ್ಬರು ಸುಮಾರು 100 ಡಾಲರ್ ಕಕ್ಕಿದರು. 46 ಲಕ್ಷ ಕನೆಕ್ಷನ್ ಹೋಯಿತು. ಇಬ್ಬರು ಮನುಷ್ಯರಿಗೆ ಜನ್ಮಕ್ಕಾಗುವಷ್ಟು ಕಾಸು. ಆದರೆ ದುಡ್ಡಿಲ್ಲದ ಮನೆಯ ಹುಡುಗ ಬಾಕ್ಸಿಂಗು ನೋಡದೆಯೇ ಬೆಳೆದ. ನೋಡದವನಿಗೆ ಹೀರೋ ಎಲ್ಲಿಂದ ಹುಟ್ಟುತ್ತಾನೆ? ಗಾಂಧಿ ಕ್ಲಾಸೇ ಇಲ್ಲದ ಥಿಯೇಟರಿನಲ್ಲಿ ಶಿಳ್ಳೆ ಹೊಡೆಯುವವರು ಯಾರು, ಸ್ವಾಮಿ?

ಬಾಡಿಗೆ ಕೊಟ್ಟು ಪಿಕ್ಚರ್ ಹಾಕಿದ ಮಹಾಶಯ

ಇದನ್ನು ಸರಿಯಾಗಿ ಗುರುತಿಸಿದವನು ಆಲ್ ಹೇಮನ್. ಹಾರ್ವರ್ಡಿನಲ್ಲಿ ಓದಿದವನು, ಮೊದಲು ಸಂಗೀತ ಕಚೇರಿಗಳನ್ನು ನಡೆಸುತ್ತಿದ್ದವನು. ಪತ್ರಿಕೆಯವರಿಗೆ ಸಂದರ್ಶನ ಕೊಡುವುದಿಲ್ಲ, ಕ್ಯಾಮೆರಾ ಮುಂದೆ ಬರುವುದಿಲ್ಲ. ನಮ್ಮ ಕೆಲವು ಫೈನಾನ್ಷಿಯರ್‌ಗಳ ಹಾಗೆ: ಹೆಸರು ಎಲ್ಲರಿಗೂ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ!

2015ರಲ್ಲಿ ಇವನು ‘ಪ್ರೀಮಿಯರ್ ಬಾಕ್ಸಿಂಗ್ ಚಾಂಪಿಯನ್ಸ್’ ಎಂಬ ಹೆಸರಿನಲ್ಲಿ ಬಾಕ್ಸಿಂಗನ್ನು ಮತ್ತೆ ಪುಕ್ಕಟೆ ಟೀವಿಗೆ ತಂದ. ಮಾರ್ಚ್ 7ರಂದು ಎನ್‌ಬಿಸಿಯಲ್ಲಿ ಮೊದಲ ಆಟ: ಕೀತ್ ಥರ್ಮನ್ ಮತ್ತು ರಾಬರ್ಟ್ ಗೆರೆರೊ. ಸಂಗೀತಕ್ಕೆ ಯಾರು ಗೊತ್ತೇ? ‘ಗ್ಲಾಡಿಯೇಟರ್’ ಖ್ಯಾತಿಯ ಹ್ಯಾನ್ಸ್ ಝಿಮ್ಮರ್! ಕಾಮೆಂಟರಿಗೆ ಹಳೇ ಹುಲಿ ಶುಗರ್ ರೇ ಲೆನಾರ್ಡ್. ಲೈಟಿಂಗು, ಸೆಟ್ಟು ಎಲ್ಲ ಭರ್ಜರಿ. ಸುಮಾರು 34 ಲಕ್ಷ ಜನ ನೋಡಿದರು. ಓಪನಿಂಗ್ ಜೋರೇ ಇತ್ತು.

ಆದರೆ ಗುಟ್ಟು ಪರದೆ ಹಿಂದೆ. ಸಾಮಾನ್ಯವಾಗಿ ಚಾನೆಲ್‌ನವರು ಆಟಕ್ಕೆ ದುಡ್ಡು ಕೊಡುತ್ತಾರೆ. ಇಲ್ಲಿ ಉಲ್ಟಾ! ಹೇಮನ್ನೇ ಚಾನೆಲ್‌ಗೆ ದುಡ್ಡು ಕೊಟ್ಟು ಸಮಯ ಕೊಂಡ. ನಿಮಗೆ ಬಿಡಿಸಿ ಹೇಳಬೇಕೆ? ಗಾಂಧಿನಗರದಲ್ಲಿ ಎರಡು ಥರದ ಪ್ರೊಡ್ಯೂಸರ್ ಇರುತ್ತಾರೆ. ಒಬ್ಬನ ಮನೆ ಮುಂದೆ ಡಿಸ್ಟ್ರಿಬ್ಯೂಟರ್ ಮಿನಿಮಮ್ ಗ್ಯಾರಂಟಿ ಚೆಕ್ ಹಿಡಿದು ನಿಂತಿರುತ್ತಾನೆ. ಇನ್ನೊಬ್ಬ ತಾನೇ ವಾರದ ಬಾಡಿಗೆ ಕಟ್ಟಿ ಥಿಯೇಟರ್ ಹಿಡಿದು, ಪೋಸ್ಟರ್ ಅಂಟಿಸಿ, ಶುಕ್ರವಾರ ಬೆಳಗ್ಗೆ ಬುಕಿಂಗ್ ಕೌಂಟರಿನ ಮುಂದೆ ನಿಂತು ತಲೆ ಎಣಿಸುತ್ತಾನೆ. ಹೇಮನ್ ಮಾಡಿದ್ದು ಎರಡನೆಯದು. ಎನ್‌ಬಿಸಿಯ ಸುಮಾರು 20 ಆಟಕ್ಕೆ ಎರಡು ಕೋಟಿ ಡಾಲರ್ ತೆತ್ತ ಎಂದು ಆಗ ಪತ್ರಿಕೆಗಳು ಬರೆದವು. ಸಿಬಿಎಸ್, ಇಎಸ್‌ಪಿಎನ್, ಸ್ಪೈಕ್… ಊರಿನ ಥಿಯೇಟರುಗಳನ್ನೆಲ್ಲ ಬಾಡಿಗೆಗೆ ಹಿಡಿದ. ಹಿಂದೆ ನಿಂತದ್ದು ಹೂಡಿಕೆ ಕಂಪನಿಯ ದುಡ್ಡು, 40 ಕೋಟಿ ಡಾಲರಿಗೂ ಮೇಲೆ ಎಂಬ ಲೆಕ್ಕ ಬಂತು.

ಲೆಕ್ಕಾಚಾರ ಏನೆಂದರೆ, ಜನ ರುಚಿ ಹಿಡಿಯುತ್ತಾರೆ, ಜಾಹೀರಾತು ಬರುತ್ತದೆ, ಆಮೇಲೆ ಚಾನೆಲ್‌ಗಳೇ ದುಡ್ಡು ಹಿಡಿದು ಬಾಗಿಲಿಗೆ ಬರುತ್ತವೆ. ಬಂದವೇ? ಒಂದು ಬಂತು. 2018ರಲ್ಲಿ ಫಾಕ್ಸ್ ಚಾನೆಲ್ ತಾನೇ ದುಡ್ಡು ಕೊಟ್ಟು ಒಪ್ಪಂದ ಮಾಡಿಕೊಂಡಿತು. 2022ಕ್ಕೆ ಅದೂ ಮುಗಿಯಿತು. 1973ರಿಂದ ಬಾಕ್ಸಿಂಗ್ ತೋರಿಸುತ್ತಿದ್ದ ಎಚ್‌ಬಿಒ 2018ರ ಕೊನೆಗೆ ಅಂಗಡಿ ಮುಚ್ಚಿತು. ಶೋಟೈಮ್ 2023ರ ಕೊನೆಗೆ. ಹೇಮನ್ ತನ್ನ ಗಂಟು ಮೂಟೆ ಕಟ್ಟಿಕೊಂಡು 2024ರಲ್ಲಿ ಅಮೆಜಾನ್ ಕಡೆ ನಡೆದ. ಅದೇ ವರ್ಷ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನವರು 58 ವಯಸ್ಸಿನ ಟೈಸನ್‌ನನ್ನು ಯೂಟ್ಯೂಬ್ ಹುಡುಗ ಜೇಕ್ ಪಾಲ್ ಮುಂದೆ ನಿಲ್ಲಿಸಿದರು. ಕೋಟಿಗಟ್ಟಲೆ ಮನೆಗಳಲ್ಲಿ ನೋಡಿದರು. ಆಟ ಹೇಗಿತ್ತು ಅಂತೀರಾ? ಹಳೇ ಹೀರೋಗೆ ಹೊಸ ವಿಗ್ ಹಾಕಿ ಡ್ಯೂಯೆಟ್ ಹಾಡಿಸಿದ ಹಾಗೆ!

ಒಂದು ಮಾತು ನೆನಪಿಡಿ. ಹೇಮನ್ ಬಾಡಿಗೆ ಕೊಟ್ಟದ್ದು ತನ್ನ ಹೂಡಿಕೆದಾರರ ದುಡ್ಡಿಂದ. ಬಾಕ್ಸರುಗಳಿಗೆ ಕೈ ತುಂಬ ಸಂಭಾವನೆ ಕೊಟ್ಟ. ರಿಂಗಿನೊಳಗಿನ ಹುಡುಗನ ಹತ್ತಿರ 15 ಸಾವಿರ ಕೇಳಲಿಲ್ಲ!

ನಮ್ಮ ಗೂಳಿ, ನಾಗಪುರದ ಹಟ್ಟಿ

ಅಮೆರಿಕ ಬಿಡಿ, ನಮ್ಮ ಮನೆ ಮುಂದಿನ ಕಥೆ ನೋಡಿ. ಕಬಡ್ಡಿ! ಕೋಟೆ ಹೈಸ್ಕೂಲಿನ ಮೈದಾನದ ಮಣ್ಣಲ್ಲಿ ಮಂಡಿ ಕೆತ್ತಿಸಿಕೊಂಡವರಿಗೆ ಬಣ್ಣಿಸಬೇಕಿಲ್ಲ. ಅಂಥ ಮಣ್ಣಿನ ಆಟವನ್ನು 2014ರ ಜುಲೈ 26ರಂದು ಟೀವಿಗೆ ಹತ್ತಿಸಿದರು. ಆನಂದ್ ಮಹೀಂದ್ರ ಮತ್ತು ಚಾರು ಶರ್ಮಾ ಅವರ ಮಶಾಲ್ ಸ್ಪೋರ್ಟ್ಸ್ ಕಂಪನಿ, ಜೊತೆಗೆ ಸ್ಟಾರ್ ಚಾನೆಲ್. ಎಂಟು ತಂಡ. ಜೈಪುರಕ್ಕೆ ಅಭಿಷೇಕ್ ಬಚ್ಚನ್ ಮಾಲೀಕ; ಮೊದಲ ಕಪ್ಪು ಅವರದೇ. ನಮಗೆ ಬೆಂಗಳೂರು ಬುಲ್ಸ್. ಆ ಮೊದಲ ಸೀಸನ್ನನ್ನೇ 43 ಕೋಟಿಗೂ ಹೆಚ್ಚು ಜನ ನೋಡಿದರೆಂದು ಲೆಕ್ಕ ಬಂತು. ನಂಬಿದರೆ ನಂಬಿ!

ಗೆದ್ದದ್ದು ಹೇಗೆ? ಆಟವನ್ನು ಟೀವಿಗೆ ತಕ್ಕ ಹಾಗೆ ಎಡಿಟ್ ಮಾಡಿದರು. ಮಣ್ಣು ತೆಗೆದು ಮ್ಯಾಟ್ ಹಾಕಿದರು. ಒಂದು ರೈಡಿಗೆ 30 ಸೆಕೆಂಡು. ಎರಡು ರೈಡು ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ. ಇಪ್ಪತ್ತಿಪ್ಪತ್ತು ನಿಮಿಷದ ಎರಡು ಅರ್ಧ, ನಡುವೆ ಇಂಟರ್ವೆಲ್. ದಿನಾ ರಾತ್ರಿ ಊಟದ ಹೊತ್ತಿಗೆ ಅದೇ ಟೈಮಿಗೆ, ಧಾರಾವಾಹಿ ಹಾಗೆ. ಅಜ್ಜಿಯರೂ ರೈಡರ್ ಹೆಸರು ಹೇಳುವ ಕಾಲ ಬಂತು!

ದುಡ್ಡಿನ ದಾರಿ ಇನ್ನೂ ಕುತೂಹಲ. 2015ರಲ್ಲಿ ಸ್ಟಾರ್‌ನವರು ಮಶಾಲ್ ಕಂಪನಿಯ 74 ಭಾಗ ಕೊಂಡುಬಿಟ್ಟರು. ಅಂದರೆ ಥಿಯೇಟರ್ ಮಾಲೀಕನೇ ಪ್ರೊಡ್ಯೂಸರ್! ತನ್ನ ಪಿಕ್ಚರನ್ನು ತನ್ನ ಥಿಯೇಟರಿನಿಂದ ಯಾರಾದರೂ ಎತ್ತುತ್ತಾರೆಯೇ? ಓಡುವ ತನಕ ಓಡಿಸುತ್ತಾರೆ. ಬಾಕ್ಸಿಂಗಿಗೂ ಕಬಡ್ಡಿಗೂ ಇರುವ ವ್ಯತ್ಯಾಸ ಇದೇ, ಬರೆದಿಟ್ಟುಕೊಳ್ಳಿ. ಬಾಡಿಗೆದಾರ ದುಡ್ಡು ಮುಗಿದ ದಿನ ಮನೆ ಖಾಲಿ ಮಾಡುತ್ತಾನೆ. ಮಾಲೀಕ ಸೋರುವ ಮಾಡಿಗೆ ಹೆಂಚು ಹಾಕಿಸುತ್ತಾನೆ.

ಆಟಗಾರರಿಗೆ ಏನು ಸಿಕ್ಕಿತು? 2014ರ ಹರಾಜಿನಲ್ಲಿ ಅತಿ ದೊಡ್ಡ ಬೆಲೆ ರಾಕೇಶ್ ಕುಮಾರನಿಗೆ, 12 ಲಕ್ಷ 80 ಸಾವಿರ. 2018ರಲ್ಲಿ ಮೋನು ಗೋಯತ್‌ಗೆ 1 ಕೋಟಿ 51 ಲಕ್ಷ. 2023ರಲ್ಲಿ ಪವನ್ ಸೆಹ್ರಾವತ್‌ಗೆ 2 ಕೋಟಿ 60 ಲಕ್ಷ ದಾಟಿತು. ಇದೇ ಪವನ್ 2019ರ ಜನವರಿ 5ರ ಫೈನಲ್‌ನಲ್ಲಿ ಒಬ್ಬನೇ 22 ಪಾಯಿಂಟ್ ಬಾಚಿ, ಗುಜರಾತ್ ಮೇಲೆ 38-33ರಿಂದ ನಮ್ಮ ಬುಲ್ಸ್‌ಗೆ ಕಪ್ಪು ತಂದುಕೊಟ್ಟವನು. ನಮ್ಮ ಕರ್ನಾಟಕದ ಅರ್ಜುನ ಪ್ರಶಸ್ತಿ ವಿಜೇತ ಬಿ.ಸಿ. ರಮೇಶ್ ಕೋಚ್ ಆಗಿ 2019ರಲ್ಲಿ ಬಂಗಾಳ ತಂಡವನ್ನೂ 2024ರಲ್ಲಿ ಪುಣೆ ತಂಡವನ್ನೂ ಗೆಲ್ಲಿಸಿದರು. ಆಡಿದ ಮನುಷ್ಯನಿಗೆ ಮುಪ್ಪಿನಲ್ಲೂ ಒಂದು ಕೆಲಸ ಉಂಟು ಎಂದಾಯಿತು.

ಹಾಗೆಂದು ಎಲ್ಲ ಹಾಲು ಜೇನು ಅಲ್ಲ. 2017ರಲ್ಲಿ ಬೆಂಗಳೂರು ಬುಲ್ಸ್‌ನ ತವರು ಪಂದ್ಯಗಳು ನಡೆದದ್ದೆಲ್ಲಿ? ಕಂಠೀರವದಲ್ಲಲ್ಲ, ನಾಗಪುರದಲ್ಲಿ! ಹೆಸರು ಬೆಂಗಳೂರು, ಹಟ್ಟಿ ನಾಗಪುರ. ನಮ್ಮ ಹುಡುಗರು ತವರು ತಂಡವನ್ನೂ ಟೀವಿಯಲ್ಲೇ ನೋಡಿದರು.

ಬಾಕ್ಸಿಂಗ್ ಯಾಕೆ ಓಡಲಿಲ್ಲ?

“ಅಣ್ಣಾ, ಕಬಡ್ಡಿ ಓಡಿದ್ರೆ ಬಾಕ್ಸಿಂಗು ಓಡಲ್ವಾ?” ಅಂತ ನಮ್ಮ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ.

ಪ್ರಯತ್ನ ಆಗದೆ ಇಲ್ಲ. ಬೀಜಿಂಗ್ ಒಲಿಂಪಿಕ್ಸ್‌ನ ಕಂಚಿನ ಹುಡುಗ ವಿಜೇಂದರ್ ಸಿಂಗ್ 2014ರಲ್ಲಿ ‘ಫಗ್ಲಿ’ ಎಂಬ ಹಿಂದಿ ಪಿಕ್ಚರಿನಲ್ಲಿ ಬಣ್ಣ ಹಚ್ಚಿದ, 2015ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಪ್ರೊಫೆಷನಲ್ ಆದ. 2016ರ ಜುಲೈ 16ರಂದು ದಿಲ್ಲಿಯ ತ್ಯಾಗರಾಜ ಸ್ಟೇಡಿಯಂನಲ್ಲಿ ಕೆರಿ ಹೋಪ್‌ನನ್ನು ಸೋಲಿಸಿ ಏಷ್ಯಾ ಪೆಸಿಫಿಕ್ ಬೆಲ್ಟು ಕಟ್ಟಿದ. ಆವತ್ತು ದೇಶವೇ ಟೀವಿ ಮುಂದೆ ಕೂತಿತ್ತು ಅಂದರೂ ತಪ್ಪಲ್ಲ. 2017ರಲ್ಲಿ ಇಂಗ್ಲೆಂಡಿನ ಅಮೀರ್ ಖಾನ್ ಮುಂದಾಳತ್ವದಲ್ಲಿ ಸೂಪರ್ ಬಾಕ್ಸಿಂಗ್ ಲೀಗ್ ದಿಲ್ಲಿಯಲ್ಲಿ ನಡೆಯಿತು. 2019ರ ಡಿಸೆಂಬರಿನಲ್ಲಿ ಬಾಕ್ಸಿಂಗ್ ಫೆಡರೇಷನ್‌ನ ‘ಬಿಗ್ ಬೌಟ್’ ಬಂತು. ಮೇರಿ ಕೋಮ್ ಪಂಜಾಬ್ ತಂಡಕ್ಕೆ. ನಮ್ಮ ಹೆಸರಲ್ಲೂ ‘ಬೆಂಗಳೂರು ಬ್ರಾಲರ್ಸ್’ ಎಂಬ ತಂಡ ಇತ್ತು. ಆಟ ಮಾತ್ರ ದಿಲ್ಲಿ ಕಡೆಗೇ! ಮರುವರ್ಷ ಕೊರೋನಾ ಬಂದು ಎಲ್ಲರ ಗ್ಲೌಸೂ ಕಳಚಿತು.

ಲೆಕ್ಕ ನೋಡಿ. ಕಬಡ್ಡಿಯಲ್ಲಿ ಏಳು ಜನ. ಒಬ್ಬ ಕಾಲು ಮುರಿದುಕೊಂಡರೆ ನಾಳೆ ಇನ್ನೊಬ್ಬ ಇಳಿಯುತ್ತಾನೆ, ಆಟ ನಡೆಯುತ್ತದೆ. ಬಾಕ್ಸಿಂಗಿನಲ್ಲಿ ಇರುವವನೇ ಒಬ್ಬ. ಅವನು ಇವತ್ತು ಹನ್ನೆರಡು ರೌಂಡು ಗುದ್ದಿಸಿಕೊಂಡರೆ ತಿಂಗಳುಗಟ್ಟಲೆ ರೆಸ್ಟು. ದಿನಾ ಧಾರಾವಾಹಿ ತೋರಿಸಲಾಗದು. ಕಬಡ್ಡಿ ಸ್ಕೂಲು ಮೈದಾನದಲ್ಲಿ ಎಲ್ಲರೂ ಆಡಿದ ಆಟ. ಬಾಕ್ಸಿಂಗು ನಮ್ಮ ಬೆಂಗಳೂರಲ್ಲಿ ಬಹುಪಾಲು ದಂಡಿನ ಆಟ, ಮಿಲಿಟರಿಯವರ ಆಟ. ನಮ್ಮ ಪೇಟೆಯದು ಗರಡಿ, ಕುಸ್ತಿ, ಕರಗದ ವೀರಕುಮಾರರು. ಇಲ್ಲಿಯ ಹುಡುಗನಿಗೆ ಬಾಕ್ಸಿಂಗ್ ಗೊತ್ತಾದದ್ದೇ ಸಿನಿಮಾದಿಂದ.

ಸಿನಿಮಾ ಅಂದರೆ ನೆನಪಾಯಿತು. 2004ರ ‘ಮೌರ್ಯ’ದಲ್ಲಿ ಅಪ್ಪು ರಿಂಗಿಗಿಳಿದಾಗ ಥಿಯೇಟರಿನಲ್ಲಿ ಎದ್ದ ಶಿಳ್ಳೆ ನಮ್ಮ ಅಣ್ಣಂದಿರ ಕಿವಿಯಲ್ಲಿ ಇನ್ನೂ ಇದೆ. 2019ರ ‘ಪೈಲ್ವಾನ್’ನಲ್ಲಿ ಕಿಚ್ಚ ಸುದೀಪ್ ಮಟ್ಟಿಯಿಂದ ರಿಂಗಿಗೆ ಬಂದರು. 2024ರ ‘ಯುವ’ದಲ್ಲಿ ಯುವ ರಾಜ್‌ಕುಮಾರ್ ಕುಸ್ತಿಪಟು. ಎಲ್ಲ ಚೆನ್ನ. ಆದರೆ ಯಾವ ಪಿಕ್ಚರಿನ ಹೀರೋ ಆದರೂ ಕ್ಲೈಮ್ಯಾಕ್ಸಿಗೆ ಮುಂಚೆ “ಸಾರ್, ಟೀವಿ ಹಕ್ಕಿನ ದುಡ್ಡು ಯಾರಿಗೆ?” ಅಂತ ಕೇಳಿದ್ದುಂಟೇ? ಕೇಳಿದ್ದರೆ ನಮ್ಮ ಹುಡುಗ ಈ ಕಾಗದ ಹಿಡಿದುಕೊಂಡು ಬರುತ್ತಿರಲಿಲ್ಲ.

ಬಣ್ಣದ ನೀರಲ್ಲ

ಇಲ್ಲಿಯವರೆಗೆ ನಗುನಗುತ್ತ ಬರೆದೆ. ಇನ್ನು ಸ್ವಲ್ಪ ಗಂಭೀರ.

2022ರ ಜುಲೈ. ನಮ್ಮ ಬೆಂಗಳೂರಲ್ಲೇ ಒಂದು ಕಿಕ್ ಬಾಕ್ಸಿಂಗ್ ಪಂದ್ಯ. ಮೈಸೂರು ಕಡೆಯಿಂದ ಬಂದಿದ್ದ ಒಬ್ಬ ಹುಡುಗ, ಇಪ್ಪತ್ತರ ಹರೆಯ, ಮುಖಕ್ಕೆ ಏಟು ಬಿದ್ದು ರಿಂಗಿನಲ್ಲೇ ಕುಸಿದ. ಕೆಲವು ದಿನದಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಜಾಗದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು. ಪೊಲೀಸ್ ಕೇಸಾಯಿತು. ಅವನು ಬೀಳುವ ದೃಶ್ಯ ಮಾತ್ರ ಎಲ್ಲರ ಮೊಬೈಲಿಗೂ ಬಂತು. ನಾನೂ ನೋಡಿದೆ. ಎರಡನೇ ಸಲ ನೋಡಲಾಗಲಿಲ್ಲ. ಬದುಕಿದ್ದಾಗ ಅವನನ್ನು ಎಷ್ಟು ಜನ ನೋಡಿದ್ದರೋ!

ಬದುಕಿ ಉಳಿದವರ ಕಥೆಯನ್ನೂ ಕೇಳಿ. ಪಂಜಾಬಿನ ಕೌರ್ ಸಿಂಗ್. 1980ರಲ್ಲಿ ಮಹಮ್ಮದ್ ಅಲಿ ಭಾರತಕ್ಕೆ ಬಂದಾಗ ದಿಲ್ಲಿಯಲ್ಲಿ ಅವನೆದುರು ಪ್ರದರ್ಶನ ಪಂದ್ಯ ಆಡಿದ ಗಂಡು. ಅದೇ ಸಲ ಅಲಿ ಮದರಾಸಿಗೂ ಬಂದು ಜಿಮ್ಮಿ ಎಲ್ಲಿಸ್ ಜೊತೆ ಆಡಿದ, ಎಂ.ಜಿ.ಆರ್. ಬಂದಿದ್ದರು, ನಮ್ಮ ದೊಡ್ಡಪ್ಪ ರಾತ್ರಿ ರೈಲಿಗೆ ಹೋಗಿ ನೋಡಿ ಬಂದು ಈವತ್ತಿಗೂ ಅದನ್ನೇ ಹೇಳುತ್ತಾರೆ! ಇರಲಿ. 1982ರ ದಿಲ್ಲಿ ಏಷ್ಯಾಡ್‌ನಲ್ಲಿ, ಕಿಮ್ ಸತ್ತ ಅದೇ ಚಳಿಗಾಲದಲ್ಲಿ, ಕೌರ್ ಸಿಂಗ್ ಹೆವಿವೇಟ್ ಚಿನ್ನ ಗೆದ್ದ. ದೂರದರ್ಶನಕ್ಕೆ ಬಣ್ಣ ಬಂದ ಏಷ್ಯಾಡ್ ಅದು. ಆದರೆ ಕೊನೆಗಾಲದಲ್ಲಿ ಹೃದಯದ ಚಿಕಿತ್ಸೆಗೆ ಸಾಲ ಮಾಡಿಕೊಂಡಿದ್ದು ಪತ್ರಿಕೆಗಳಲ್ಲಿ ಬಂದ ಮೇಲೆ ಸಹಾಯ ಹರಿಯಿತು. 2023ರಲ್ಲಿ ತೀರಿಕೊಂಡರು. ಬಣ್ಣದ ಟೀವಿ ಅವರಿಗೆ ಪಿಂಚಣಿ ಕೊಡಲಿಲ್ಲ.

ಸಂಜೆ ಹುಡುಗನನ್ನು ಪೇಟೆಯ ಒಂದು ಗರಡಿಗೆ ಕರೆದುಕೊಂಡು ಹೋದೆ. ಅಲ್ಲಿನ ಉಸ್ತಾದರಿಗೆ ಎಪ್ಪತ್ತು ದಾಟಿದೆ, ಕಿವಿ ಹೂಕೋಸಿನಂತೆ ಮುದುಡಿದೆ. ಕಾಗದದ ವಿಷಯ ಕೇಳಿ ಅವರು ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗದ ಮಾತೆತ್ತಿದರು. ವಿಜಯದಶಮಿ ಬೆಳಗ್ಗೆ ಜೆಟ್ಟಿಗಳು ತಲೆ ಬೋಳಿಸಿಕೊಂಡು, ಮುಷ್ಟಿಗೆ ಮೊನಚು ತೊಟ್ಟು ಮಟ್ಟಿಗಿಳಿಯುತ್ತಾರೆ. ಬಾಕ್ಸಿಂಗಿಗಿಂತ ಭಯಂಕರ. ಆದರೆ ಒಂದು ಹನಿ ರಕ್ತ ಕಂಡ ಕೂಡಲೇ ಕಾಳಗ ಮುಗಿಯಿತು!

“ಯಾಕ್ ಹೇಳಪ್ಪಾ?” ಅಂದರು ಉಸ್ತಾದರು. “ರಾಜರ ಕಾಲದಲ್ಲೂ ನಿಲ್ಲಿಸೋನು ಒಬ್ಬ ಇದ್ದ. ನಿನ್ನ ಕಾಗದದಲ್ಲಿ ನಿಲ್ಲಿಸೋನ ಹೆಸರೆಲ್ಲಿದೆ, ತೋರಿಸು.”

ಹುಡುಗ ಕಾಗದ ತಿರುವಿದ. ಹಿಂದೆ ಮುಂದೆ ನೋಡಿದ. ಡಾಕ್ಟರ್ ಎಂಬ ಪದವೇ ಇರಲಿಲ್ಲ.

ಕೇಳಬೇಕಾದ ಮೂರು ಮಾತು

ಗರಡಿಯ ಜಗುಲಿ ಮೇಲೆ ಕೂತು ನಾವು ಮೂವರೂ ಮೂರು ಪ್ರಶ್ನೆ ಬರೆದೆವು. ನಿಮ್ಮ ಬೀದಿಯಲ್ಲೂ ಇಂಥ ಹುಡುಗ ಇರಬಹುದು, ಕತ್ತರಿಸಿ ಇಟ್ಟುಕೊಳ್ಳಿ.

ಒಂದು: ಟೀವಿಗೆ ನೀವು ದುಡ್ಡು ಕೊಡುತ್ತೀರೋ, ಟೀವಿ ನಿಮಗೆ ದುಡ್ಡು ಕೊಡುತ್ತದೋ? ಚಾನೆಲ್ ಹೆಸರೇನು, ತಾರೀಖೇನು? ಬಾಡಿಗೆ ಟೀವಿಯೇ ಆದರೂ ಪರವಾಗಿಲ್ಲ. ಆದರೆ ಆ ಬಾಡಿಗೆ ಬಾಕ್ಸರ್ ಜೇಬಿಂದ ಯಾಕೆ?

ಎರಡು: ರಿಂಗಿನ ಪಕ್ಕ ಡಾಕ್ಟರ್ ಯಾರು, ಬಾಗಿಲಲ್ಲಿ ಆಂಬುಲೆನ್ಸ್ ಇದೆಯೇ, ಹತ್ತಿರದ ಆಸ್ಪತ್ರೆ ಯಾವುದು, ವಿಮೆ ಎಷ್ಟಕ್ಕೆ? ಪಂದ್ಯಕ್ಕೆ ಅನುಮತಿ ಕೊಟ್ಟ ಸಂಸ್ಥೆ ಯಾವುದು? ಬಾಯಿ ಮಾತು ಬೇಡ, ಕಾಗದದಲ್ಲಿ ಬರಲಿ.

ಮೂರು: ಗೆದ್ದರೆಷ್ಟು, ಸೋತರೆಷ್ಟು, ಯಾವ ದಿನ ಕೊಡುತ್ತೀರಿ? ‘ಆಮೇಲೆ ತಿಳಿಸಲಾಗುವುದು’ ಅನ್ನೋದು ಸಂಭಾವನೆ ಅಲ್ಲ.

ಈ ಮೂರನೆಯದರ ಬಗ್ಗೆ ನನಗೆ ಸ್ವಂತ 'ಡಿಗ್ರಿ' ಉಂಟು. ನಾನು ಪಿಯುಸಿ ಬಿಟ್ಟದ್ದು ಹಾಗೆಯೇ. ಒಬ್ಬ ಮಹಾನುಭಾವ ಅಸಿಸ್ಟೆಂಟ್ ಡೈರೆಕ್ಟರ್ ಮಾಡುತ್ತೇನೆಂದ. ‘ಟೈಟಲ್ ಕಾರ್ಡಲ್ಲಿ ನಿನ್ನ ಹೆಸರು ಬರುತ್ತೆ’ ಎಂದ. ಪರೀಕ್ಷೆ ಬಿಟ್ಟೆ. ಎಂಟು ತಿಂಗಳು ಅವನ ಹಿಂದೆ ಬ್ಯಾಗು ಹೊತ್ತೆ. ಪಿಕ್ಚರೂ ಬರಲಿಲ್ಲ, ಕಾರ್ಡೂ ಬರಲಿಲ್ಲ. ನನಗೆ ಹೋದದ್ದು ಒಂದು ವರ್ಷ. ವರ್ಷ ಮತ್ತೆ ಬರುತ್ತದೆ. ತಲೆಯೊಳಗೆ ಹರಿದ ನರ ಬರುವುದಿಲ್ಲ.

ಸೋಮವಾರ ಹುಡುಗ ಫೋನ್ ಮಾಡಿ ಮೂರೂ ಪ್ರಶ್ನೆ ಕೇಳಿದ. ಮೊದಲನೆಯದಕ್ಕೆ ಆ ಕಡೆಯವರು “ನಂಬಿಕೆ ಇರಬೇಕು ಬ್ರದರ್” ಅಂದರಂತೆ. ಎರಡನೆಯದಕ್ಕೆ “ನೀನು ಹೆದರ್ಕೊಂಡಿದೀಯಾ?” ಅಂದರಂತೆ. ಮೂರನೆಯದಕ್ಕೆ ಮುಂಚೆಯೇ ಲೈನ್ ಕಟ್!

ರಾತ್ರಿ ಅವನಮ್ಮ ನಮ್ಮ ಮನೆ ಬಾಗಿಲಿಗೆ ಬಂದರು. “ನೋಡಪ್ಪಾ, ಊಟ ಬಿಟ್ಟು ಕೂತವ್ನೆ. ಏನಂದೆ ಅವನಿಗೆ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಒಬ್ಬ ಹುಡುಗನ ಕೈಯಿಂದ ಟೀವಿ ಕಿತ್ತುಕೊಂಡವನು ನಾನೇ ತಾನೆ? ಆ ರಾತ್ರಿ ನನಗೂ ಅನ್ನ ಸೇರಲಿಲ್ಲ.

ಗುರುವಾರ ಬೆಳಗ್ಗೆ ಐದೂವರೆಗೆ ಹಾಲು ತರಲು ಹೊರಟಿದ್ದೆ. ಕೋಟೆ ಹೈಸ್ಕೂಲಿನ ರಸ್ತೆಯಲ್ಲಿ ಟವೆಲ್ ಕುತ್ತಿಗೆಗೆ ಸುತ್ತಿಕೊಂಡು ಯಾರೋ ಓಡಿಬರುತ್ತಿದ್ದರು. ಅವನೇ. ನನ್ನ ಮುಖ ನೋಡಲಿಲ್ಲ, ಮಾತಾಡಲಿಲ್ಲ. ದಾಟಿ ಹೋಗುವಾಗ ಬೆನ್ನ ಮೇಲೆ ಧಪ್ಪಂತ ಒಂದು ಬಿಟ್ಟು ಹೋದ.

ನೋವಾಯಿತು ಮಾರಾಯ್ರೇ! ಆದರೂ ಖುಷಿಯಾಯಿತು.

ಮುಂದಿನ ವಾರ ಮತ್ತೆ ಸಿಗೋಣ. ಗುಸುಗುಸು ಬೇಕೆಂದು ಕಾಗದ ಬರೆಯುವವರು ಬರೆಯಿರಿ, ಆ ಮದುವೆ ಸುದ್ದಿ ಎಲ್ಲೂ ಓಡಿಹೋಗುವುದಿಲ್ಲ!